ಉತ್ತರ ಪತ್ರಿಕೆಯೊಳಗಿದ್ದ ಪತ್ರ

ಗೆ,
ರಾಯಚೂರು ಜಿಲ್ಲೆಯ ಶಾಲಾ ಶಿಕ್ಷಣ ಇಲಾಖೆಯ ಉಪನಿರ್ದೇಶಕರಿಗೆ,
ಜಿಲ್ಲೆಯ ಅಂಚೆ ಅಧೀಕ್ಷಕರಿಗೆ,
ಹಾಗೂ ಮಕ್ಕಳನ್ನು ಊರಿನಲ್ಲಿ ಬಿಟ್ಟು ದುಡಿಯಲು ಹೋಗಿರುವ ನಮ್ಮ ಭಾಗದ ಎಲ್ಲ ತಂದೆ-ತಾಯಂದಿರಿಗೆ,

ಮಾನ್ಯರೇ,

ಮಸ್ಕಿ ಸೀಮೆಯಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕನ್ನಡ ಕಲಿಸಿ 2022ರಲ್ಲಿ ನಿವೃತ್ತಳಾದ ಶಿಕ್ಷಕಿಯ ನಮಸ್ಕಾರಗಳು. ಇತ್ತ ಕಡೆ ನಾವೆಲ್ಲ ಕ್ಷೇಮ. ತಮ್ಮೆಲ್ಲರ ಕ್ಷೇಮವನ್ನು ಬಯಸುತ್ತೇನೆ. ಪತ್ರ ಬರೆಯಲು ಕಾರಣವೇನೆಂದರೆ, ಒಬ್ಬ ಹುಡುಗಿ ತನ್ನ ತಂದೆಗೆ ಬರೆದ ಪತ್ರಕ್ಕೆ ನಾನು ಕೆಂಪು ಶಾಯಿಯಲ್ಲಿ ಅಂಕ ಹಾಕಿ, ಉತ್ತರ ಪತ್ರಿಕೆಗಳ ಕಟ್ಟಿಗೆ ಸೇರಿಸಿಬಿಟ್ಟಿದ್ದೆ. ಅದನ್ನು ತಮ್ಮ ಮುಂದೆ ಹೇಳಿಕೊಳ್ಳಬೇಕಾಗಿದೆ. ಅದರ ಜೊತೆಗೆ ಒಂದು ಬೇಡಿಕೆಯನ್ನೂ ಇಡಬೇಕಾಗಿದೆ.

2019ರ ಜನವರಿ. ಹತ್ತನೆಯ ತರಗತಿಯ ಪೂರ್ವಸಿದ್ಧತಾ ಪರೀಕ್ಷೆ. ಪತ್ರಲೇಖನದ ಪ್ರಶ್ನೆ ಎಂದಿನಂತೆಯೇ ಇತ್ತು: ನಿಮ್ಮನ್ನು ಸರ್ಕಾರಿ ಪ್ರೌಢಶಾಲೆಯ ವಿದ್ಯಾರ್ಥಿ ಎಂದು ಭಾವಿಸಿ, ಶೈಕ್ಷಣಿಕ ಪ್ರವಾಸಕ್ಕೆ ಹಣ ಕಳುಹಿಸುವಂತೆ ಕೋರಿ ತಂದೆಯವರಿಗೆ ಪತ್ರ ಬರೆಯಿರಿ. ಸರ್ಕಾರಿ ಪ್ರೌಢಶಾಲೆಯಲ್ಲೇ ಕುಳಿತಿರುವ ಮಕ್ಕಳಿಗೆ, ಹಾಗೆಂದು ‘ಭಾವಿಸಿ’ ಎನ್ನುವ ಪ್ರಶ್ನೆ ಅದು. ಮಕ್ಕಳಿಗೆ ಅದರ ಒಕ್ಕಣೆ ಬಾಯಿಪಾಠ. ಎಡಗಡೆ ‘ಕ್ಷೇಮ’, ಬಲಗಡೆ ಸ್ಥಳ ಮತ್ತು ದಿನಾಂಕ, ‘ತೀರ್ಥರೂಪರಾದ ತಂದೆಯವರಿಗೆ’, ‘ನಾನು ಚೆನ್ನಾಗಿ ಓದುತ್ತಿದ್ದೇನೆ’, ‘ಹಂಪಿ, ಬಾದಾಮಿ, ಪಟ್ಟದಕಲ್ಲು’, ‘ಐನೂರು ರೂಪಾಯಿ’, ‘ಇಂತಿ ನಿಮ್ಮ ಪ್ರೀತಿಯ’, ಕೊನೆಗೆ ಒಂದು ಚೌಕ ಎಳೆದು ಅದರೊಳಗೆ ಹೊರವಿಳಾಸ. ಐವತ್ತು ಪತ್ರಿಕೆ ತಿದ್ದಿದರೆ ಐವತ್ತರಲ್ಲೂ ಅದೇ ತಂದೆ, ಅದೇ ಐನೂರು ರೂಪಾಯಿ.

ಒಂದು ಪತ್ರಿಕೆಯಲ್ಲಿ ಮಾತ್ರ ಹಾಗಿರಲಿಲ್ಲ. ಮೊದಲ ಎರಡು ಸಾಲು ಕಲಿಸಿದಂತೆಯೇ ಇದ್ದವು. ಮೂರನೆಯ ಸಾಲಿನಲ್ಲಿ ‘ನೀವು’ ಹೋಗಿ ‘ನೀನು’ ಬಂದಿತ್ತು. ನಾನು ಅದಕ್ಕೆ ಕೆಂಪು ಸುತ್ತು ಹಾಕಿದೆ. ಮುಂದೆ ಹೀಗಿತ್ತು: ಅಪ್ಪಾ, ಪ್ರವಾಸಕ್ಕೆ ಹಣ ಬೇಡ. ಅಜ್ಜಿಗೆ ಬಲಗಣ್ಣು ಕಾಣಿಸುತ್ತಿಲ್ಲ. ರೊಟ್ಟಿ ಮಾಡುವಾಗ ಎರಡು ಸಲ ಕೈ ಸುಟ್ಟುಕೊಂಡಿದ್ದಾಳೆ. ನೀನು ಫೋನ್ ಮಾಡಿದಾಗ ಹೇಳಬಾರದು ಎಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಾಳೆ. ಮಾತಾಡುವಾಗ ಅವಳು ಪಕ್ಕದಲ್ಲೇ ಕುಳಿತಿರುತ್ತಾಳೆ. ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಪಕ್ಕದಲ್ಲಿ ‘ವಿಷಯಾಂತರ’ ಎಂದು ಬರೆದು ನಾನು ಎರಡು ಅಂಕ ಕಳೆದೆ. ಮುಂದಿನ ಪತ್ರಿಕೆ ಎತ್ತಿಕೊಂಡೆ.

ರಾತ್ರಿ ಅಡುಗೆಮನೆಯಲ್ಲಿ ಹಂಚಿನ ಮೇಲೆ ರೊಟ್ಟಿ ಹಾಕಿದಾಗ ಆ ಸಾಲು ಮತ್ತೆ ಬಂತು. ಊಟ ಸೇರಲಿಲ್ಲ. ಆ ಮಗು ‘ಇಲ್ಲಿ ಬರೆಯುತ್ತಿದ್ದೇನೆ’ ಎಂದಿತ್ತು. ಇಲ್ಲಿ ಎಂದರೆ ಎಲ್ಲಿ? ನನ್ನ ಕೈಗೆ ಬರುವ ಉತ್ತರ ಪತ್ರಿಕೆಯಲ್ಲಿ. ಮನೆಯಲ್ಲಿದ್ದ ಒಂದೇ ಮೊಬೈಲ್ ಅಜ್ಜಿಯ ಸೆರಗಿನ ಗಂಟಿನಲ್ಲಿ ಇರುತ್ತಿತ್ತು. ಮಾತಾಡಲು ಬೇರೆ ದಾರಿಯಿಲ್ಲದೆ ಹದಿನೈದು ವರ್ಷದ ಹುಡುಗಿ ತನ್ನ ತಂದೆಗೆ ಹೇಳಬೇಕಾದುದನ್ನು ಪರೀಕ್ಷೆಯ ಹಾಳೆಗೆ ಹೇಳಿದ್ದಳು. ಅದು ನಿಜವಾದ ಪತ್ರವೆಂದು ಓದಿದ ನನಗೇ ತಿಳಿಯಲಿಲ್ಲ.

ಮರುದಿನ ಅವಳನ್ನು ಗ್ರಂಥಾಲಯದ ಕೋಣೆಗೆ ಕರೆದೆ. ಅವಳು ಕೇಳಿದ ಮೊದಲ ಮಾತು, “ಟೀಚರ್, ಅಪ್ಪನಿಗೆ ಹೇಳಿಬಿಟ್ಟಿರಾ?” ಇಲ್ಲ, ನೀನೇ ಬರೆ, ನಾನು ಅಂಚೆಗೆ ಹಾಕುತ್ತೇನೆ ಎಂದೆ. ವಿಳಾಸ ಕೇಳಿದೆ. ಅವಳು ಹತ್ತು ಅಂಕಿಗಳನ್ನು ಹೇಳಿದಳು. ಫೋನ್ ನಂಬರಲ್ಲ, ಅಪ್ಪ ಇರುವ ಜಾಗ ಎಂದೆ. ಬೆಂಗಳೂರು ಎಂದಳು. ಬೆಂಗಳೂರಿನಲ್ಲಿ ಎಲ್ಲಿ? ಬಿಲ್ಡಿಂಗ್ ಕಟ್ಟುವ ಕಡೆ. ಅಷ್ಟೇ ಅವಳಿಗೆ ಗೊತ್ತಿದ್ದದ್ದು. ಪರೀಕ್ಷೆಯಲ್ಲಿ ಚೌಕ ಎಳೆದು ಹೊರವಿಳಾಸ ಬರೆದು ಅಂಕ ಗಳಿಸುವ ಮಗುವಿಗೆ ತನ್ನ ತಂದೆ ಯಾವ ಬಡಾವಣೆಯಲ್ಲಿ, ಯಾವ ಶೆಡ್ಡಿನಲ್ಲಿ ಮಲಗುತ್ತಾನೆ ಎಂಬುದು ಗೊತ್ತಿರಲಿಲ್ಲ. ಆಮೇಲೆ ತರಗತಿಯಲ್ಲಿ ವಿಚಾರಿಸಿದೆ. ತಂದೆಯೋ ತಾಯಿಯೋ ಗುಳೆ ಹೋಗಿದ್ದ ಹನ್ನೊಂದು ಮಕ್ಕಳಲ್ಲಿ ಒಬ್ಬರಿಗೂ ವಿಳಾಸ ಗೊತ್ತಿರಲಿಲ್ಲ. ಎಲ್ಲರಿಗೂ ನಂಬರ್ ಗೊತ್ತಿತ್ತು.

ಶಾಲೆಯ ದಾಖಲೆಗೆ ಬೇಕು ಎಂದು ಹೇಳಿ ನಾನೇ ಆ ತಂದೆಗೆ ಫೋನ್ ಮಾಡಿ ವಿಳಾಸ ಕೇಳಿದೆ. ಅವರು ಒಂದು ದಿನ ಬಿಟ್ಟು ಹೇಳಿದರು. ಅವರಿಗೂ ಮೇಸ್ತ್ರಿಯನ್ನು ಕೇಳಬೇಕಾಗಿತ್ತು. ಕೆಲಸದ ಜಾಗದ ಎದುರಿನ ಕಿರಾಣಿ ಅಂಗಡಿಯ ಮಾರ್ಫತ್, ಮುಖ್ಯ ರಸ್ತೆಯ ಹೆಸರು, 560ರಿಂದ ಶುರುವಾಗುವ ಪಿನ್‌ಕೋಡ್. ಇನ್ನು ಅಂತರ್ದೇಶೀಯ ಪತ್ರ, ಅಂದರೆ ಇನ್‌ಲ್ಯಾಂಡ್ ಲೆಟರ್, ತರಲು ಹೋದರೆ ಮೊದಲ ಅಂಚೆ ಕಚೇರಿಯಲ್ಲಿ ಇರಲಿಲ್ಲ. ಯಾವ ಕಚೇರಿ ಎಂದು ಹೇಳುವುದಿಲ್ಲ, ಅಲ್ಲಿದ್ದವರನ್ನು ದೂರುವುದೂ ಇಲ್ಲ. “ಕೇಳುವವರೇ ಬರುವುದಿಲ್ಲ ಮೇಡಂ, ತರಿಸಿ ಏನು ಮಾಡುವುದು” ಎಂದರು. ಅವರ ಮಾತೂ ನಿಜ. ಎರಡನೆಯ ಕಡೆಯೂ ಇರಲಿಲ್ಲ. ಮೂರನೆಯ ಕಡೆ ಕಪಾಟಿನ ಕೆಳಗಿನ ಖಾನೆಯಿಂದ ಒಂದು ಕಟ್ಟು ತೆಗೆದುಕೊಟ್ಟರು. ಅಂಚು ಮಾಸಿತ್ತು.

ಆ ನೀಲಿ ಹಾಳೆಯನ್ನು ಹುಡುಗಿ ಹೊರಳಿಸಿ ಹೊರಳಿಸಿ ನೋಡಿದಳು. ಯಾವ ಕಡೆ ಬರೆಯಬೇಕು, ಯಾವ ಕಡೆ ಬಿಡಬೇಕು ಎಂದು ಅವಳಿಗೆ ತಿಳಿಯಲಿಲ್ಲ. ಮಡಿಕೆಯ ಗೆರೆಗಳನ್ನು ಬೆರಳಿನಿಂದ ತೋರಿಸಿದೆ: ಇಲ್ಲಿ ಒಂದು ಮಡಿಕೆ, ಇಲ್ಲಿ ಇನ್ನೊಂದು, ಈ ಕಿವಿಗಳನ್ನು ಒಳಗೆ ಮಡಚಿ ಅಂಟಿಸಬೇಕು, ಅಂಟು ಬರುವ ಜಾಗದಲ್ಲಿ ಬರೆದರೆ ತೆರೆಯುವಾಗ ಹರಿದುಹೋಗುತ್ತದೆ. ಅವಳು ಬರೆಯುವಷ್ಟು ಹೊತ್ತು ನಾನು ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದೆ. ಅಂಟು ಒಣಗಿಹೋಗಿತ್ತು, ಬಿಸಿಯೂಟದ ಅನ್ನದ ನಾಲ್ಕು ಅಗುಳು ತಂದು ಒತ್ತಿ ಅಂಟಿಸಿದಳು. ಅದನ್ನು ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹನ್ನೆರಡು ದಿನಗಳ ಮೇಲೆ ತಂದೆ ಬಂದರು. ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು, ಶಸ್ತ್ರಚಿಕಿತ್ಸೆ ಆಯಿತು, ಈಗ ಕಾಣುತ್ತದೆ. ಶಾಲೆಗೆ ಬಂದು ನಿಂತ ಆ ಮನುಷ್ಯ ಹೆಚ್ಚು ಮಾತಾಡಲಿಲ್ಲ. ತಮ್ಮ ಮೊಬೈಲಿನ ಹಿಂಬದಿಯ ಕವರ್ ಬಿಚ್ಚಿ, ಅದರೊಳಗೆ ಸಣ್ಣದಾಗಿ ಮಡಚಿಟ್ಟಿದ್ದ ಆ ನೀಲಿ ಕಾಗದವನ್ನು ತೋರಿಸಿ, ಮತ್ತೆ ಹಾಗೆಯೇ ಮಡಚಿ ಒಳಗಿಟ್ಟರು. ಸಿಮೆಂಟ್ ಮೆತ್ತಿದ ಬೆರಳುಗಳಿಂದ ಕವರ್ ಕೂರಿಸಲು ಸ್ವಲ್ಪ ಹೊತ್ತು ಹಿಡಿಯಿತು. ಆ ಎರಡು ಅಂಕಗಳನ್ನು ನಾನು ಅಂದೇ ಸರಿಪಡಿಸಿದೆ.

ಮಾನ್ಯರೇ, ಮೊಬೈಲ್ ಬೇಡ ಎನ್ನುವವಳು ನಾನಲ್ಲ. ಗುಳೆ ಹೋದ ತಾಯಿ ರಾತ್ರಿ ಒಂಬತ್ತಕ್ಕೆ ವಿಡಿಯೊ ಕರೆ ಮಾಡಿ, ಇಲ್ಲಿ ಮಗು ಉಣ್ಣುವುದನ್ನು ಅಲ್ಲಿಂದ ನೋಡುತ್ತ ಕೂರುವುದನ್ನು ಕಂಡಿದ್ದೇನೆ. ಆ ಸುಖವನ್ನು ಯಾವ ಕಾಗದವೂ ಕೊಡಲಾರದು. ಅಕ್ಷರ ಬಾರದ ಹೆಣ್ಣುಮಗಳು ಗಂಡನೊಡನೆ ಮಾತಾಡಲು ಇನ್ನೊಬ್ಬರ ಮನೆಯ ಕಟ್ಟೆಗೆ ಹೋಗಿ ಕೈಮುಗಿಯಬೇಕಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಬಡವರ ಮನೆಯ ಮೊಬೈಲ್ ಮನೆಗೆಲ್ಲ ಒಂದೇ. ಸ್ಪೀಕರ್ ಹಾಕಿ ಮಾತಾಡುತ್ತಾರೆ, ಈ ಕಡೆ ಅಜ್ಜಿ, ತಮ್ಮ, ಪಕ್ಕದ ಮನೆಯವರು, ಆ ಕಡೆ ಶೆಡ್ಡಿನಲ್ಲಿ ನಾಲ್ಕಾರು ಮಂದಿ. ‘ಊಟ ಆಯಿತೇ, ಮಳೆ ಬಂತೇ, ಶಾಲೆಗೆ ಹೋದೆಯಾ, ಫೋನ್ ಇಡು.’ ಅಷ್ಟರಲ್ಲಿ ಒಂದು ಮಗು ತನ್ನ ಭಯವನ್ನು ಹೇಳುವುದು ಹೇಗೆ? ತಮ್ಮನು ಶಾಲೆ ಬಿಟ್ಟು ಹತ್ತಿ ಬಿಡಿಸಲು ಹೋಗುತ್ತಿದ್ದಾನೆ ಎಂದು, ತನಗೆ ಮದುವೆ ಮಾಡಲು ಮಾತು ನಡೆಯುತ್ತಿದೆ ಎಂದು, ನನಗೆ ನಿನ್ನ ನೆನಪಾಗುತ್ತದೆ ಎಂದು? ಎಲ್ಲರ ಎದುರು ಆಡಲಾಗದ ಮಾತಿಗೆ ಮೊದಲು ಕಾಗದವಿತ್ತು. ಈಗ ಅದಕ್ಕೆ ಜಾಗವಿಲ್ಲ.

ಹಳೆಯ ಕಾಲದಲ್ಲಿ ಪತ್ರವೂ ಗುಟ್ಟಾಗಿರಲಿಲ್ಲ ಎಂದು ನೀವು ಹೇಳಬಹುದು. ನಿಜ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ, ಏಕೆಂದರೆ ಓಣಿಯ ಪತ್ರಗಳನ್ನು ಓದಿ ಹೇಳುತ್ತಿದ್ದವಳೇ ನಾನು. ಲಿಂಗಸುಗೂರು ತಾಲ್ಲೂಕಿನ ಒಂದು ಬೆದ್ದಲು ಹಳ್ಳಿಯಲ್ಲಿ ನಾನು ನಾಲ್ಕನೆಯ ತರಗತಿಯಲ್ಲಿದ್ದಾಗ 1972ರ ಬರ ಬಿತ್ತು. ಅರ್ಧ ಓಣಿ ಖಾಲಿಯಾಯಿತು. ಪುಣೆ, ಮುಂಬೈ, ಗೋವಾ. ಅಲ್ಲಿಂದ ಬರುವ ಕಾರ್ಡುಗಳನ್ನು ಟಪಾಲಿನವರು ನಮ್ಮ ಮನೆಯ ಕಟ್ಟೆಗೇ ತಂದು ಕೊಡುತ್ತಿದ್ದರು, ಯಾರ ಹೆಸರಿಗೆ ಬಂದರೂ. ಓದು ಬರುತ್ತಿದ್ದ ಹೆಣ್ಣುಮಗು ಓಣಿಗೆ ನಾನೊಬ್ಬಳೇ. ಗಂಡಸರಿಗೆ ಹೇಳಲಾಗದ್ದನ್ನು ಹೆಂಗಸರು ನನ್ನಿಂದ ಬರೆಸುತ್ತಿದ್ದರು. ನಮ್ಮ ಅಜ್ಜಿ ನನಗೆ ಒಂದು ಕಟ್ಟಳೆ ಹಾಕಿದ್ದಳು. ಓದಿದ್ದು ಕಟ್ಟೆ ಇಳಿಯಬಾರದು. ಇಳಿದರೆ ನಾಲಿಗೆ ಸುಡುತ್ತದೆ ಎಂದಿದ್ದಳು, ನಾನು ನಂಬಿದ್ದೆ.

ಮೂಲೆ ಮನೆಯ ಚಿಗವ್ವನಿಗೆ ತಿಂಗಳಿಗೊಂದು ಕಾರ್ಡು ಬರುತ್ತಿತ್ತು. ಗಂಡ ಪುಣೆಯ ಕಡೆ ಕಲ್ಲು ಒಡೆಯಲು ಹೋಗಿದ್ದ. ಅವನಿಗೂ ಬರೆಯಲು ಬರುತ್ತಿರಲಿಲ್ಲ, ಅಲ್ಲಿ ಯಾರೋ ಬರೆದುಕೊಡುತ್ತಿದ್ದರು. ಹಾಗಾಗಿ ಎರಡು ಕಡೆಯೂ ಬೇರೆಯವರ ಅಕ್ಷರ, ಬೇರೆಯವರ ಬಾಯಿ. ಆದರೂ ಚಿಗವ್ವ ಪ್ರತಿ ಕಾರ್ಡನ್ನೂ ಮೂರು ಸಲ ಓದಿಸುತ್ತಿದ್ದಳು. ಮೂರನೆಯ ಸಲ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಆಮೇಲೆ, “ನನ್ನ ಹೆಸರು ಎಲ್ಲಿದೆ, ತೋರಿಸು” ಎನ್ನುತ್ತಿದ್ದಳು. ನಾನು ಬೆರಳಿಟ್ಟು ತೋರಿಸುತ್ತಿದ್ದೆ. ನಾಲ್ಕೈದು ತಿಂಗಳ ಮೇಲೆ ನಾನು ತೋರಿಸುವ ಮೊದಲೇ ಅವಳ ಬೆರಳು ಅಲ್ಲಿಗೆ ಹೋಗುತ್ತಿತ್ತು. ಒಂದು ದಿನ ಕಾರ್ಡನ್ನು ಎದುರಿಗಿಟ್ಟುಕೊಂಡು ಇದ್ದಿಲಿನಿಂದ ಕಟ್ಟೆಯ ಕಲ್ಲಿನ ಮೇಲೆ ತನ್ನ ಹೆಸರನ್ನು ಬರೆದಳು. ಒತ್ತಕ್ಷರ ಒಂದು ಕಡೆ ವಾಲಿತ್ತು. ಮುಂದೆ ಎಷ್ಟೋ ವರ್ಷಗಳ ಮೇಲೆ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತಲು ಶಾಯಿಯ ಡಬ್ಬಿ ಮುಂದಿಟ್ಟಾಗ ಅವಳು ಅದನ್ನು ಪಕ್ಕಕ್ಕೆ ಸರಿಸಿ ಸಹಿ ಮಾಡಿದಳು. ಆ ಸಹಿಯಲ್ಲೂ ಒತ್ತಕ್ಷರ ಅದೇ ಕಡೆ ವಾಲಿತ್ತು. ಪುಣೆಯಲ್ಲಿ ಕಾರ್ಡು ಬರೆದುಕೊಟ್ಟ ಆ ಯಾರೋ ಮನುಷ್ಯನ ಕೈಬರಹ ಅದು.

2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ 59.56. ಇಂಥ ಜಿಲ್ಲೆಯಲ್ಲಿ ಅಕ್ಷರ ಕಲಿಯಲು ಕಾರಣ ಬೇಕು. ನನ್ನ ಹೆಸರು ಎಲ್ಲಿದೆ ತೋರಿಸು ಎನ್ನುವುದಕ್ಕಿಂತ ದೊಡ್ಡ ಕಾರಣವನ್ನು ನಾನು ಶಿಕ್ಷಕಿಯಾಗಿ ಇಷ್ಟು ವರ್ಷಗಳಲ್ಲಿ ಕಂಡಿಲ್ಲ.

ಒಕ್ಕಣೆಯ ಬಗ್ಗೆ ಎರಡು ಮಾತು. ಹೊಸಬರು ಅದನ್ನು ಒಣ ಸಂಪ್ರದಾಯ ಎನ್ನುತ್ತಾರೆ. ‘ಉಭಯ ಕುಶಲೋಪರಿ’, ‘ಇತ್ತ ಕಡೆ ಎಲ್ಲರೂ ಕ್ಷೇಮ’, ‘ತರುವಾಯ’, ‘ಹೆಚ್ಚಿಗೆ ಬರೆಯುವುದೇನೂ ಇಲ್ಲ’. ಆದರೆ ಮನೆಯಲ್ಲಿ ಹಿಟ್ಟಿಲ್ಲದಿದ್ದರೂ ಮೊದಲು ‘ಕ್ಷೇಮ’ ಎಂದು ಬರೆಸಿ ಆಮೇಲೆ ಹಿಟ್ಟಿನ ಮಾತು ತೆಗೆಯುತ್ತಿದ್ದ ಹೆಂಗಸರನ್ನು ನಾನು ನೋಡಿದ್ದೇನೆ. ದೂರದಲ್ಲಿರುವವನ ಎದೆ ಒಡೆಯದಿರಲಿ ಎಂಬ ಕಾಳಜಿ ಆ ಒಂದು ಪದದಲ್ಲಿತ್ತು. ಮದುವೆಯ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚುತ್ತಿದ್ದರು. ಸಾವಿನ ಸುದ್ದಿಯ ಕಾರ್ಡಿನ ಒಂದು ಮೂಲೆ ಹರಿದಿರುತ್ತಿತ್ತು. ಓದಲು ಬಾರದವರಿಗೂ ಕೈಗೆ ಬಂದ ಕ್ಷಣದಲ್ಲೇ ತಿಳಿಯುತ್ತಿತ್ತು. ಅಂಥ ಕಾರ್ಡನ್ನು ಓದಿ ಮುಗಿಸಿದ ಮೇಲೆ ಮನೆಯೊಳಗೆ ಇಡುತ್ತಿರಲಿಲ್ಲ.

ಹೀಗೆ ಮೊದಲು ಕ್ಷೇಮದ ಮಾತಾಡುವುದು ನಮ್ಮ ಮಣ್ಣಿಗೆ ಹೊಸದೂ ಅಲ್ಲ. ಮಸ್ಕಿಯ ಬೆಟ್ಟದ ಬಂಡೆಯ ಮೇಲೆ ಅಶೋಕನ ಶಾಸನವಿದೆ. 1915ರಲ್ಲಿ ಅದು ಬೆಳಕಿಗೆ ಬಂದ ಮೇಲೆ, ‘ದೇವಾನಾಂಪ್ರಿಯ’ ಎಂದು ಶಾಸನಗಳಲ್ಲಿ ಕರೆದುಕೊಂಡವನು ಅಶೋಕನೇ ಎಂಬುದು ಖಚಿತವಾಯಿತು. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ, ಬಳ್ಳಾರಿ ಸೀಮೆಯ ನಿಟ್ಟೂರು, ಉದೆಗೊಳದಲ್ಲಿ ಇಂಥವೇ ಶಾಸನಗಳಿವೆ. ಪ್ರತಿ ವರ್ಷ ಮಕ್ಕಳನ್ನು ಆ ಬಂಡೆಯ ಬಳಿಗೆ ಕರೆದೊಯ್ಯುವಾಗ ನಾನು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಶಾಸನದ ಕಥೆಯನ್ನೂ ಹೇಳುತ್ತಿದ್ದೆ. ಅದು ಸುವರ್ಣಗಿರಿಯಿಂದ ರಾಜಕುಮಾರನೂ ಅಧಿಕಾರಿಗಳೂ ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳುಹಿಸಿದ ಸಂದೇಶ. ಸುವರ್ಣಗಿರಿ ಎಂದರೆ ಕೊಪ್ಪಳ ಜಿಲ್ಲೆಯ ಕನಕಗಿರಿಯೇ ಎನ್ನುವ ವಿದ್ವಾಂಸರಿದ್ದಾರೆ. ರಾಜಾಜ್ಞೆಯನ್ನು ತಿಳಿಸುವ ಮೊದಲು ಆ ಶಾಸನ ಎದುರಿನವರ ಆರೋಗ್ಯವನ್ನು ವಿಚಾರಿಸುತ್ತದೆ. ಸುಮಾರು 2,250 ವರ್ಷಗಳ ಹಿಂದೆ, ಕಲ್ಲಿನ ಮೇಲೆ ಉಳಿಯಿಂದ ಕೊರೆಯುವಾಗಲೂ ಮೊದಲು ಕ್ಷೇಮ. ಇದನ್ನು ಕೇಳಿದಾಗ ಮಕ್ಕಳ ಮುಖ ಅರಳುತ್ತಿತ್ತು, ತಾವು ಪರೀಕ್ಷೆಯಲ್ಲಿ ಎಡಗಡೆ ಕ್ಷೇಮ ಬರೆಯುವ ವಾಡಿಕೆ ಅಷ್ಟು ಹಳೆಯದೆಂದು.

ನಮ್ಮ ಅಜ್ಜನ ಟ್ರಂಕಿನಲ್ಲಿ ನಿಜಾಮರ ಅಂಚೆಚೀಟಿ ಅಂಟಿಸಿದ ಒಂದೆರಡು ಲಕೋಟೆಗಳಿದ್ದವು. ಹೈದರಾಬಾದ್ ಸಂಸ್ಥಾನಕ್ಕೆ ತನ್ನದೇ ಅಂಚೆ ವ್ಯವಸ್ಥೆ ಇತ್ತು, 1869ರಿಂದ ತನ್ನದೇ ಚೀಟಿಗಳಿದ್ದವು. ತುಂಗಭದ್ರೆಯ ಆಚೆ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು, ಅಲ್ಲಿ ಬ್ರಿಟಿಷರ ಚೀಟಿ. ಈ ದಂಡೆಯಲ್ಲಿ ಮಗಳು, ಆ ದಂಡೆಯಲ್ಲಿ ತವರು. ನಡುವೆ ಹೊಳೆ ಒಂದೇ, ಸರ್ಕಾರ ಎರಡು. ಆದರೂ ಕಾಗದ ಮುಟ್ಟುತ್ತಿತ್ತು. ಮುಂಬೈ ಮತ್ತು ಮದ್ರಾಸ್ ಕಡೆಯ ರೈಲು ಹಳಿಗಳು 1871ರಲ್ಲಿ ಕೂಡಿದ್ದೂ ನಮ್ಮ ರಾಯಚೂರಿನಲ್ಲಿಯೇ. ಹಳಗನ್ನಡದಲ್ಲಿ ಹಂಸಕ್ಕೆ ‘ಅಂಚೆ’ ಎನ್ನುತ್ತಿದ್ದರು. ಟಪಾಲಿಗೂ ಅದೇ ಪದ ಬಂದು ಕೂತದ್ದು ನನಗೆ ಯಾವಾಗಲೂ ಬಲು ಚೆಂದ ಅನಿಸಿದೆ.

ಕಾಲ ಎಲ್ಲಿಗೆ ಹೋಗುತ್ತಿದೆ ಎಂಬುದು ತಿಳಿಯದವಳಲ್ಲ ನಾನು. 2013ರ ಜುಲೈನಲ್ಲಿ ತಂತಿ ಸೇವೆ ನಿಂತಿತು. 2025ರಲ್ಲಿ ರಿಜಿಸ್ಟರ್ಡ್ ಅಂಚೆಯನ್ನು ಸ್ಪೀಡ್ ಪೋಸ್ಟಿನೊಳಗೆ ಸೇರಿಸಲಾಯಿತು. ಡೆನ್ಮಾರ್ಕ್ ದೇಶದ ಅಂಚೆ ಸಂಸ್ಥೆ ಅದೇ ವರ್ಷದ ಕೊನೆಗೆ ಪತ್ರ ಬಟವಾಡೆಯನ್ನೇ ಕೈಬಿಟ್ಟಿತು. ನಮ್ಮಲ್ಲಿ ಇನ್ನೂ ಒಂದೂವರೆ ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಬಹುಪಾಲು ಹಳ್ಳಿಗಳಲ್ಲಿ. 1879ರಲ್ಲಿ ಕಾಲಾಣೆಗೆ ಶುರುವಾದ ಕಾರ್ಡು ಇಂದಿಗೂ ಐವತ್ತು ಪೈಸೆ. ಅಂತರ್ದೇಶೀಯ ಪತ್ರಕ್ಕೆ ಎರಡೂವರೆ ರೂಪಾಯಿ. ಇಷ್ಟು ಅಗ್ಗವಾಗಿ ಒಬ್ಬ ಮನುಷ್ಯನ ಮಾತನ್ನು ಇನ್ನೊಬ್ಬನ ಮನೆಬಾಗಿಲಿಗೆ ಮುಟ್ಟಿಸುವ ಬೇರೆ ಸರ್ಕಾರಿ ಕೆಲಸ ನನಗೆ ಗೊತ್ತಿಲ್ಲ. ಇರುವಾಗಲೇ ಅದನ್ನು ಮಕ್ಕಳ ಕೈಗೆ ಕೊಡಿ ಎನ್ನುವುದು ನನ್ನ ಮಾತು.

ಅಂಚೆ ಇಲಾಖೆ ಏನೂ ಮಾಡುತ್ತಿಲ್ಲ ಎಂದರೆ ಅನ್ಯಾಯವಾದೀತು. 2017ರಿಂದ ‘ಢಾಯಿ ಆಖರ್’ ಎಂಬ ಪತ್ರಲೇಖನ ಸ್ಪರ್ಧೆ ನಡೆಯುತ್ತಿದೆ. ಕೈಯಲ್ಲೇ ಬರೆಯಬೇಕು, ಕನ್ನಡದಲ್ಲೂ ಬರೆಯಬಹುದು, ರಾಷ್ಟ್ರಮಟ್ಟದಲ್ಲಿ ಮೊದಲ ಬಹುಮಾನ 50,000 ರೂಪಾಯಿ. 2024-25ರ ವಿಷಯವೇ ಡಿಜಿಟಲ್ ಯುಗದಲ್ಲಿ ಪತ್ರಗಳ ಮಹತ್ವ. ನಮ್ಮ ಮಕ್ಕಳಿಂದಲೂ ಆ ಸ್ಪರ್ಧೆಗೆ ಬರೆಸಿದ್ದೇನೆ. ಮೊದಲ ವರ್ಷ ಬಾಪುವಿಗೆ ಬರೆದರು, ಚೆನ್ನಾಗಿ ಬರೆದರು. ಆದರೆ ಆ ಪತ್ರಗಳಿಗೆ ಉತ್ತರ ಬರುವುದಿಲ್ಲ. ಉತ್ತರ ಬಾರದ ಪತ್ರ ಪ್ರಬಂಧವಾಗುತ್ತದೆ. ಮಗುವಿಗೆ ಪತ್ರದ ರುಚಿ ಹತ್ತುವುದು ಬರೆದಾಗಲ್ಲ. ಬಂದ ದಿನ. ತನ್ನ ಹೆಸರು ಹೇಳಿಕೊಂಡು ಪೋಸ್ಟ್‌ಮನ್ ಬಾಗಿಲಿಗೆ ಬಂದ ದಿನ.

ಆದ್ದರಿಂದ ನನ್ನ ಬೇಡಿಕೆ ಇದು. ಉಪನಿರ್ದೇಶಕರು ಜಿಲ್ಲೆಯ ಎಲ್ಲ ಪ್ರೌಢಶಾಲೆಗಳಿಗೆ ಒಂದು ಸುತ್ತೋಲೆ ಕಳುಹಿಸಬೇಕು. ವರ್ಷಕ್ಕೆ ಒಮ್ಮೆ, ದೀಪಾವಳಿ ಕಳೆದು ಜನ ಗುಳೆ ಹೋದ ಮೇಲೆ, ಕನ್ನಡ ತರಗತಿಯ ಒಂದು ಅವಧಿಯಲ್ಲಿ ಪ್ರತಿ ಮಗುವೂ ಒಂದು ನಿಜವಾದ ಪತ್ರವನ್ನು ನಿಜವಾದ ಮನುಷ್ಯನಿಗೆ ಬರೆಯಲಿ. ತಂದೆಗೆ, ತಾಯಿಗೆ, ಮದುವೆಯಾಗಿ ಹೋದ ಅಕ್ಕನಿಗೆ, ಯಾರಿಗಾದರೂ. ‘ಭಾವಿಸಿ’ ಎಂಬ ಪದ ಆ ದಿನ ಬೇಡ. ಶಿಕ್ಷಕರು ಅದನ್ನು ಓದಬಾರದು, ಅಂಕ ಹಾಕಬಾರದು, ತಿದ್ದಬಾರದು. ‘ನೀವು’ ಇದ್ದಲ್ಲಿ ‘ನೀನು’ ಬಂದರೆ ಬರಲಿ. ಅಂಟಿಸಿದ ಕಾಗದವನ್ನು ಮಗುವೇ ಡಬ್ಬಿಗೆ ಹಾಕಲಿ. ನಲವತ್ತು ಮಕ್ಕಳ ತರಗತಿಗೆ ಅಂತರ್ದೇಶೀಯ ಪತ್ರಕ್ಕೆ ನೂರು ರೂಪಾಯಿ ಸಾಕು. ಶಾಲೆಗೆ ಅದೂ ಕಷ್ಟವಾದರೆ ನನ್ನಂಥ ನಿವೃತ್ತರು ಊರಿಗೊಬ್ಬರು ಇದ್ದೇವೆ.

ಅದಕ್ಕೆ ಮೊದಲು ಇನ್ನೊಂದು ಕೆಲಸವಾಗಬೇಕು, ಅದು ಪತ್ರಕ್ಕಿಂತ ದೊಡ್ಡದು. ಪ್ರತಿ ಮಗುವಿಗೂ ತನ್ನ ತಂದೆ-ತಾಯಿ ಎಲ್ಲಿದ್ದಾರೆ ಎಂಬುದು ಬರವಣಿಗೆಯಲ್ಲಿ ಗೊತ್ತಿರಬೇಕು. ಹತ್ತು ಅಂಕಿಗಳಲ್ಲ, ಊರು, ಬಡಾವಣೆ, ಯಾರ ಮಾರ್ಫತ್, ಪಿನ್‌ಕೋಡ್. ಫೋನ್ ಕೆಟ್ಟರೆ, ಕಳೆದರೆ, ಸಿಮ್ ಬದಲಾದರೆ ಆ ಹತ್ತು ಅಂಕಿಗಳ ಆಚೆ ಮಗುವಿನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಕೆಲಸದ ಜಾಗದಲ್ಲಿ ಏನಾದರೂ ಅನಾಹುತವಾದರೆ ಎಲ್ಲಿಗೆ ಹೋಗಬೇಕು ಎಂದು ಮನೆಯವರಿಗೆ ತಿಳಿಯುವುದಿಲ್ಲ. ಪತ್ರ ಬರೆಯುವ ನೆಪದಲ್ಲಿ ಶಾಲೆಯ ಒಂದು ಪುಸ್ತಕದಲ್ಲಿ ಈ ವಿಳಾಸಗಳು ದಾಖಲಾಗಲಿ.

ಅಂಚೆ ಅಧೀಕ್ಷಕರಲ್ಲಿ ಕೇಳುವುದು ಇಷ್ಟೇ. ಆ ಒಂದೆರಡು ತಿಂಗಳು ಹಳ್ಳಿಯ ಶಾಖಾ ಕಚೇರಿಗಳಲ್ಲಿ ಕಾರ್ಡು ಮತ್ತು ಅಂತರ್ದೇಶೀಯ ಪತ್ರ ಇರಲಿ. ಹಿಂದೆ ಉತ್ತರಕ್ಕೆಂದೇ ಇನ್ನೊಂದು ಕಾರ್ಡು ಅಂಟಿಕೊಂಡಿರುತ್ತಿದ್ದ ಜೋಡಿ ಕಾರ್ಡುಗಳು ಸಿಗುತ್ತಿದ್ದವು. ಅಂಥವು ಸಿಕ್ಕರೆ ಶೆಡ್ಡಿನಲ್ಲಿರುವ ತಂದೆ ಅಂಚೆ ಕಚೇರಿ ಹುಡುಕಿಕೊಂಡು ಹೋಗುವುದು ತಪ್ಪುತ್ತದೆ. ಮುರಿದ, ಬೀಗವಿಲ್ಲದ, ಕಣಜ ಗೂಡು ಕಟ್ಟಿದ ಕೆಂಪು ಡಬ್ಬಿಗಳನ್ನು ದುರಸ್ತಿ ಮಾಡಿಸಿ. ಮಗು ಹಾಕಿದ ಮೊದಲ ಕಾಗದ ಅಲ್ಲೇ ಕೊಳೆತರೆ ಎರಡನೆಯದನ್ನು ಅದು ಬರೆಯುವುದಿಲ್ಲ.

ಕೊನೆಯದಾಗಿ, ದೂರದಲ್ಲಿರುವ ತಂದೆ-ತಾಯಂದಿರೇ. ಕಾಗದ ಬಂದರೆ ಫೋನ್ ಮಾಡಿ ‘ಮುಟ್ಟಿತು’ ಎಂದು ಹೇಳಿ ಬಿಡಬೇಡಿ. ಸ್ಪೀಕರಿನಲ್ಲಿ ಅದರೊಳಗಿನ ಮಾತನ್ನು ಆಡಬೇಡಿ. ಮಗು ಯಾರಿಗೂ ಕೇಳಿಸಬಾರದೆಂದೇ ಬರೆದಿರುತ್ತದೆ. ಬರೆಯಲು ಬಂದರೆ ನಾಲ್ಕೇ ಸಾಲು ಬರೆಯಿರಿ, ತಪ್ಪಾದರೂ ಪರವಾಗಿಲ್ಲ. ಬರದಿದ್ದರೆ ಪಕ್ಕದವರಿಂದ ಬರೆಸಿ, ಕೆಳಗೆ ನಿಮ್ಮ ಹೆಸರನ್ನು ಮಾತ್ರ ನಿಮ್ಮ ಕೈಯಾರೆ ಬರೆಯಿರಿ. ಹೆಸರು ಎಲ್ಲಿದೆ ಎಂದು ಮಗು ಹುಡುಕುತ್ತದೆ.

ಹೆಚ್ಚಿಗೆ ಬರೆಯುವುದೇನೂ ಇಲ್ಲ. ದೊಡ್ಡವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಪತ್ರ ಮುಟ್ಟಿದ ಕೂಡಲೇ ಉತ್ತರ ಬರೆಯಬೇಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಕನ್ನಡ ಶಿಕ್ಷಕಿ
ಮು. ಪೋ. ಮಸ್ಕಿ, ಜಿ. ರಾಯಚೂರು